ಕಾಳಿ ಕಣಿವೆಯ ಕಾಡುಹಾದಿ ಮತ್ತು ಜಲವಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ದಾಂಡೇಲಿ, ಗಣೇಶಗುಡಿ, ಜೋಯಿಡಾ ಕಡೆಗೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ರೂಮು ಕಾದಿರಿಸಿ, ನೀರಿನ ವಿಚಾರವನ್ನೂ ಕಾಡಿನ ವಿಚಾರವನ್ನೂ ಅಲ್ಲಿಗೆ ಮುಟ್ಟಿದ ಮೇಲೆ ವಿಚಾರಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡರೆ ಅರ್ಧದಷ್ಟು ನಿರಾಸೆ ತಪ್ಪುತ್ತದೆ. ಈ ಕಣಿವೆಯಲ್ಲಿ ನದಿ ಯಾವಾಗ ತುಂಬಿ ಹರಿಯಬೇಕೆಂಬುದನ್ನು ವಿದ್ಯುತ್ತಿನ ಬೇಡಿಕೆಯೂ, ಕಾಡಿನೊಳಗೆ ಯಾವಾಗ ಕಾಲಿಡಬಹುದೆಂಬುದನ್ನು ಅರಣ್ಯ ಇಲಾಖೆಯೂ ನಿರ್ಧರಿಸುತ್ತವೆ. ಪ್ರವಾಸಿಗರ ರಜೆಯ ಪಟ್ಟಿಗೆ ಇಲ್ಲಿ ಮೂರನೆಯ ಸ್ಥಾನ. ಕೆಳಗಿನ ಉತ್ತರಗಳನ್ನು ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದೆ.

ಕಾಳಿ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆ? ಯಾವ ಭಾಗದಲ್ಲಿ ಯಾವ ಬಗೆಯ ವಿಹಾರ ಸಾಧ್ಯ?

ಕಾಳಿ ಪೂರ್ತಿಯಾಗಿ ಉತ್ತರ ಕನ್ನಡ ಜಿಲ್ಲೆಯ ನದಿ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದ ಸದಾಶಿವಗಡದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ದೂರದಲ್ಲಿ ಅದು ಒಂದೇ ನದಿಯಾಗಿ ಉಳಿದಿಲ್ಲ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆ, ದಾಂಡೇಲಿಯ ಕೆಳಗೆ ಬೊಮ್ಮನಹಳ್ಳಿ, ಅದರಾಚೆ ಕೊಡಸಳ್ಳಿ, ಕೊನೆಗೆ ಕದ್ರಾ ಎಂದು ಅಣೆಕಟ್ಟೆಗಳ ಸಾಲೇ ಇದೆ. ಹೀಗಾಗಿ ನದಿಯ ಬಹುಪಾಲು ಭಾಗ ನಿಂತ ಹಿನ್ನೀರು. ಓಡುವ ನೀರು, ಕಲ್ಲು, ಸೆಳವು ಇವು ಮೂರೂ ಕೂಡಿ ಸಿಗುವ, ಜನರಿಗೆ ಮುಕ್ತವಾಗಿರುವ ಭಾಗವೆಂದರೆ ಗಣೇಶಗುಡಿಯಿಂದ ಮೌಳಂಗಿಯವರೆಗಿನದು; ಗಾಳಿ ತುಂಬಿದ ದೋಣಿಯಲ್ಲಿ ಸೆಳವು ದಾಟುವ ರ‍್ಯಾಫ್ಟಿಂಗ್ ನಡೆಯುವುದು ಅಲ್ಲಿ. ಮೌಳಂಗಿ ಮತ್ತು ದಾಂಡೇಲಿಯ ಸುತ್ತಮುತ್ತ ನೀರು ಸಮಾಧಾನವಾಗುವುದರಿಂದ ಕಯಾಕ್ ಮತ್ತು ಹರಿಗೋಲು ಅಲ್ಲಿ ನಡೆಯುತ್ತವೆ. ಕಾರವಾರದ ಅಳಿವೆಯಲ್ಲಿ ಉಬ್ಬರ ಇಳಿತದ ನೀರು. ಅದರ ಲೆಕ್ಕವೇ ಬೇರೆ.

ರ‍್ಯಾಫ್ಟಿಂಗ್‌ಗೆ ಮಳೆಗಾಲವೇ ಒಳ್ಳೆಯದಲ್ಲವೇ?

ಅಲ್ಲ. ಹೊಸಬರು ಹೆಚ್ಚಾಗಿ ತಪ್ಪು ತಿಳಿಯುವುದು ಇದನ್ನೇ. ಸೂಪಾ 101 ಮೀಟರ್ ಎತ್ತರದ ಅಣೆಕಟ್ಟೆ. ಅದರ ಜಲಾಶಯದಲ್ಲಿ ಸುಮಾರು 145 ಟಿಎಂಸಿ ನೀರು ಹಿಡಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ನೀರನ್ನು ಕೂಡಿಟ್ಟುಕೊಂಡು, ಉಳಿದ ಎಂಟು ತಿಂಗಳು ಅದನ್ನು ಅಳೆದು ಅಳೆದು ಬಿಡುವುದಕ್ಕಾಗಿಯೇ ಅಷ್ಟು ದೊಡ್ಡ ಜಲಾಶಯವನ್ನು ಕಟ್ಟಿದ್ದಾರೆ. ಅಣೆಕಟ್ಟೆಯ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಆ ಯಂತ್ರಗಳು ತಿರುಗಿದಾಗ ಹೊರಬರುವ ನೀರು ನದಿಗೆ ಇಳಿಯುತ್ತದೆ, ರ‍್ಯಾಫ್ಟ್‌ಗಳು ತೇಲುವುದು ಅದೇ ನೀರಿನ ಮೇಲೆ. ಆದ್ದರಿಂದ ರಾಜ್ಯದ ಉಳಿದ ಹೊಳೆಗಳು ಬತ್ತಿ, ಫ್ಯಾನು, ಪಂಪ್‌ಸೆಟ್ಟುಗಳು ಜೋರಾಗಿ ತಿರುಗುವ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಗಣೇಶಗುಡಿಯ ಕೆಳಗೆ ನದಿ ತುಂಬಿ ಓಡುತ್ತಿರುತ್ತದೆ. ಮಳೆಗಾಲದಲ್ಲಿ ಇದು ತಲೆಕೆಳಗಾಗುತ್ತದೆ. ಒಂದೋ ಅಣೆಕಟ್ಟೆಯಿಂದ ನೀರೇ ಬರುವುದಿಲ್ಲ, ಇಲ್ಲವೇ ಹಳ್ಳಕೊಳ್ಳಗಳ ಕೆಂಪು ನೀರು ನುಗ್ಗಿ ದೋಣಿ ಇಳಿಸುವಂತಿರುವುದಿಲ್ಲ. ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗಿನ ಅವಧಿಯನ್ನು ನಂಬಿ ಯೋಜನೆ ಹಾಕಬಹುದು.

ನೀರು ಬಿಡುವ ಹೊತ್ತು ಮೊದಲೇ ಗೊತ್ತಾಗುತ್ತದೆಯೇ?

ವಾರಗಟ್ಟಲೆ ಮೊದಲು ಗೊತ್ತಾಗುವುದಿಲ್ಲ. ವಿದ್ಯುತ್ ಜಾಲದಲ್ಲಿ ಬೇಡಿಕೆ ಏರಿದಾಗ ಜಲವಿದ್ಯುತ್ ಯಂತ್ರಗಳನ್ನು ಚಾಲೂ ಮಾಡುತ್ತಾರೆ, ಇಳಿದಾಗ ನಿಲ್ಲಿಸುತ್ತಾರೆ. ಸ್ಥಳೀಯ ಸಂಚಾಲಕರು ಹಿಂದಿನ ದಿನ ಸಂಜೆ ಅಥವಾ ಅದೇ ದಿನ ಬೆಳಿಗ್ಗೆ ಖಚಿತಪಡಿಸುತ್ತಾರೆ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಕೈಗಾರಿಕೆಗಳ ಬೇಡಿಕೆ ಕಡಿಮೆಯಾಗುವ ಸಂಭವವಿರುವುದರಿಂದ, ಪ್ರವಾಸಿಗರು ಅತಿ ಹೆಚ್ಚು ಸೇರುವ ದಿನವೇ ನೀರು ತಡವಾಗಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ವಾರದ ನಡುವೆ ಹೋಗಲು ಆಗುವುದಾದರೆ ಹಾಗೆಯೇ ಮಾಡಿ. ಎರಡು ರಾತ್ರಿ ತಂಗುವುದು ಇನ್ನೂ ಒಳ್ಳೆಯದು, ಒಂದು ದಿನ ತಪ್ಪಿದರೆ ಇನ್ನೊಂದು ದಿನ ಕೈಗೆ ಸಿಗುತ್ತದೆ.

ನೀರು ಬರುವುದನ್ನು ಒಮ್ಮೆಯಾದರೂ ದಡದಲ್ಲಿ ಕುಳಿತು ನೋಡಬೇಕು. ಯಂತ್ರ ನಿಂತಿರುವಾಗ ನದಿಯ ಮಧ್ಯದಲ್ಲಿ ಬೋಳು ಬಂಡೆಗಳು ಬಿಸಿಲಿಗೆ ಮೈಯೊಡ್ಡಿರುತ್ತವೆ, ಅವುಗಳ ಸೊಂಟದಲ್ಲಿ ಹಿಂದಿನ ದಿನದ ನೀರು ಬಿಟ್ಟುಹೋದ ಗೆರೆ ಎದ್ದು ಕಾಣುತ್ತದೆ. ಆಮೇಲೆ ಮೇಲಿನಿಂದ ಗಾಳಿ ಬೀಸಿದಂತಹ ಸದ್ದು ಕೇಳುತ್ತದೆ, ಆದರೆ ಎಲೆ ಅಲುಗುವುದಿಲ್ಲ. ಒಂದು ತೆಳುವಾದ ನೊರೆಯ ಅಂಚು ಕಲ್ಲುಗಳ ಸಂದಿಯಲ್ಲಿ ತೂರಿಕೊಂಡು ಬರುತ್ತದೆ. ನೋಡನೋಡುತ್ತಿದ್ದಂತೆ ಆ ಗೆರೆ ಮುಳುಗಿ, ಬಂಡೆಯೂ ಮುಳುಗಿ, ಅದು ಇದ್ದ ಜಾಗದಲ್ಲಿ ನೀರು ಮಾತ್ರ ಗುಪ್ಪೆಯಾಗಿ ಎದ್ದಿರುತ್ತದೆ. ಒಣ ನದಿಪಾತ್ರದಲ್ಲಿ ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ ಎಂದು ಹೇಳುವುದು ಈ ಕಾರಣಕ್ಕೆ. ಆ ಸದ್ದು ಕೇಳಿದ ಮೇಲೆ ದಡಕ್ಕೆ ಓಡಿಬರುವಷ್ಟು ಪುರಸೊತ್ತು ಸಿಗುತ್ತದೆಂಬ ಭರವಸೆಯಿಲ್ಲ.

ದೊಡ್ಡ ರ‍್ಯಾಫ್ಟಿಂಗ್, ಸಣ್ಣ ರ‍್ಯಾಫ್ಟಿಂಗ್ ಎಂದು ಎರಡು ದರ ಹೇಳುತ್ತಾರೆ. ವ್ಯತ್ಯಾಸವೇನು?

ದೊಡ್ಡದೆಂದರೆ ಗಣೇಶಗುಡಿಯಿಂದ ಮೌಳಂಗಿಯವರೆಗಿನ ಸುಮಾರು 9 ಕಿಲೋಮೀಟರ್ ಪಯಣ. ನೀರಿನ ಮಟ್ಟವನ್ನು ನೋಡಿಕೊಂಡು ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಸೆಳವುಗಳನ್ನು ಒಂದರಿಂದ ಆರರವರೆಗೆ ಶ್ರೇಣಿ ಹಾಕುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇಲ್ಲಿನವು ಎರಡು ಮತ್ತು ಮೂರನೆಯ ಶ್ರೇಣಿಗೆ ಸೇರುತ್ತವೆ, ಅಂದರೆ ಅಲೆ ಎದೆಯ ಮಟ್ಟಕ್ಕೆ ಬಂದು ಮೈ ತೋಯಿಸುತ್ತದೆ, ದೋಣಿಯನ್ನು ಸರಿಯಾಗಿ ತಿರುಗಿಸದಿದ್ದರೆ ಮಗುಚಲೂ ಬಹುದು. ಸಣ್ಣದೆಂದರೆ ಒಂದೇ ಸೆಳವಿನ ಆಸುಪಾಸಿನಲ್ಲಿ ಅರ್ಧ ಗಂಟೆ ಸುತ್ತಾಡಿಸುವುದು. ನನ್ನ ಅಭಿಪ್ರಾಯದಲ್ಲಿ ಸಣ್ಣ ರ‍್ಯಾಫ್ಟಿಂಗ್ ನದಿಯ ಪರಿಚಯ ಮಾಡಿಸುವುದಿಲ್ಲ, ಕಿರುಚಾಟದ ವಿಡಿಯೊ ಒಂದನ್ನು ಕೊಡುತ್ತದೆ, ಅಷ್ಟೆ. ಸೆಳವುಗಳ ನಡುವೆ ನೀರು ಸುಮ್ಮನಾಗಿ, ಎರಡೂ ದಡದ ಮರಗಳು ಬಾಗಿಕೊಂಡಿರುವ ಮಡುಗಳಲ್ಲಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ತೇಲುವುದು ದೊಡ್ಡ ಪಯಣದಲ್ಲಿ ಮಾತ್ರ ಸಿಗುವ ಸುಖ.

ನನಗೆ ಈಜು ಬರುವುದಿಲ್ಲ. ಹೋಗಬಹುದೇ?

ಹೋಗಬಹುದು. ಆದರೆ ಈಜು ಬರುವವರಿಗಿಂತ ಹೆಚ್ಚು ಹಟವಾಗಿ ಲೈಫ್ ಜಾಕೆಟ್ ಪರೀಕ್ಷಿಸಬೇಕು. ಹಾಕಿಕೊಂಡು ಎಲ್ಲ ಬಕಲ್‌ಗಳನ್ನು ಬಿಗಿದ ಮೇಲೆ, ಜೊತೆಯವರಿಂದ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆಸಿರಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ. ನೀರಿನಲ್ಲಿ ಅದು ಮೇಲಕ್ಕೆ ಜಾರಿ, ನೀವು ಕೆಳಗೆ ಉಳಿಯುತ್ತೀರಿ. ಕೆಲವು ವರ್ಷಗಳ ಹಿಂದೆ ಒಂದು ಕಡೆ ನನಗೆ ಕೊಟ್ಟ ಜಾಕೆಟ್ಟಿನಲ್ಲಿ ನಡುವಿನ ಬಕಲ್ ಮುರಿದಿತ್ತು; ಕೇಳಿದ್ದಕ್ಕೆ ಹುಡುಗನೊಬ್ಬ ಜೇಬಿನಿಂದ ಸುತಳಿ ತೆಗೆದು ಗಂಟು ಹಾಕಲು ಬಂದ. ಬೇರೆ ಕೊಡಿ ಎಂದೆ. ಇದ್ದದ್ದು ಅಷ್ಟೇ ಎಂದರು. ಕೊಟ್ಟ ಮುಂಗಡ ಹೋದರೆ ಹೋಯಿತೆಂದು ಆ ದಿನ ದೋಣಿ ಹತ್ತದೆ ಹಿಂತಿರುಗಿದೆ. ನೀವೂ ಅಂತಹ ಸಂದರ್ಭದಲ್ಲಿ ಸಂಕೋಚಪಡಬಾರದು.

ಹೆಲ್ಮೆಟ್ ಬೇಡವೆನ್ನುವ, ದೋಣಿಗೆ ಒಬ್ಬನೇ ಗೈಡ್ ಇದ್ದು ಜೊತೆಗೆ ಬೇರೆ ದೋಣಿಯಾಗಲಿ ರಕ್ಷಣಾ ಕಯಾಕ್ ಆಗಲಿ ಇಲ್ಲದ, ಎಂಟು ಮಂದಿಯ ರ‍್ಯಾಫ್ಟಿಗೆ ಹನ್ನೆರಡು ಮಂದಿಯನ್ನು ಹತ್ತಿಸುವ ಸಂಚಾಲಕರನ್ನು ಬಿಟ್ಟುಬಿಡಿ. ಗೈಡ್ ಎಲ್ಲಿ ತರಬೇತಿ ಪಡೆದಿದ್ದಾರೆಂದು ಕೇಳುವುದು ಅವಮಾನವಲ್ಲ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸರ್ಕಾರಿ ಸಂಸ್ಥೆ ಇಂತಹ ತರಬೇತಿ ಕೊಡುತ್ತದೆ, ತರಬೇತಿ ಪಡೆದವರು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ದೋಣಿಯಿಂದ ಬಿದ್ದರೆ ಏನು ಮಾಡಬೇಕು?

ಮೊದಲ ನಿಯಮ, ಓಡುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಮೊಣಕಾಲುದ್ದದ ನೀರೆಂದು ಕಾಲೂರಿದಾಗ ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ, ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಖವನ್ನು ಮುಳುಗಿಸುತ್ತದೆ. ಲೈಫ್ ಜಾಕೆಟ್ ಇದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಅಂಗಾತ ಮಲಗಿ, ಕಾಲುಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಕಾಲಬೆರಳುಗಳು ನೀರಿನಿಂದ ಮೇಲೆ ಕಾಣುವಂತೆ ತೇಲಬೇಕು. ಎದುರಿಗೆ ಬರುವ ಕಲ್ಲನ್ನು ಪಾದದಿಂದ ಒದ್ದು ತಪ್ಪಿಸಿಕೊಳ್ಳಬಹುದು. ಅಲೆಯ ತಗ್ಗಿನಲ್ಲಿ ಉಸಿರೆಳೆದುಕೊಂಡು, ಅಲೆ ಮುಖಕ್ಕೆ ಬಡಿಯುವಾಗ ಬಾಯಿ ಮುಚ್ಚಿರಬೇಕು. ಗೈಡ್ ಹಗ್ಗ ಎಸೆದರೆ ಹಗ್ಗವನ್ನು ಹಿಡಿಯಿರಿ, ಅದರ ಚೀಲವನ್ನಲ್ಲ. ಅದನ್ನು ಎದೆಗೆ ಅವಚಿಕೊಂಡು, ಹೆಗಲ ಮೇಲೆ ಹಾಯಿಸಿ, ಅಂಗಾತವಾಗಿಯೇ ಇರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಅಪಾಯಕರ.

ದೋಣಿ ತಲೆಕೆಳಗಾಗಿ ನೀವು ಅದರಡಿ ಸಿಕ್ಕಿಕೊಂಡರೆ ಗಾಬರಿ ಸಹಜ. ಎರಡೂ ಕೈಗಳನ್ನು ಮೇಲಕ್ಕೆತ್ತಿ ದೋಣಿಯ ತಳವನ್ನು ಮುಟ್ಟಿ, ಒಂದೇ ದಿಕ್ಕಿನಲ್ಲಿ ಕೈಯ ಮೇಲೆ ಕೈಯಿಟ್ಟು ಸರಿಯುತ್ತಾ ಹೋದರೆ ಅಂಚು ಸಿಕ್ಕೇ ಸಿಗುತ್ತದೆ.

ನದಿಯಲ್ಲಿ ಮೊಸಳೆಗಳಿವೆಯಂತೆ, ನಿಜವೇ?

ನಿಜ. ದಾಂಡೇಲಿ ಊರಿನ ಬಳಿ ಮತ್ತು ಅದರ ಕೆಳಗಿನ ನಿಧಾನ ನೀರಿನಲ್ಲಿ ಮೊಸಳೆಗಳು ದಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವುದು ಊರಿನವರಿಗೆ ದಿನನಿತ್ಯದ ನೋಟ. ಜನರ ಮೇಲೆ ದಾಳಿಗಳೂ ನಡೆದಿವೆ. ರ‍್ಯಾಫ್ಟಿಂಗ್ ನಡೆಯುವ ಕಲ್ಲು ತುಂಬಿದ ವೇಗದ ನೀರು ಅವುಗಳಿಗೆ ಒಗ್ಗುವ ಜಾಗವಲ್ಲ. ಅಧಿಕೃತ ಸ್ಥಳ ಬಿಟ್ಟು ಬೇರೆಲ್ಲಿಯೂ ನೀರಿಗಿಳಿಯಬಾರದು, ಮುಸ್ಸಂಜೆಯಲ್ಲಿ ದಂಡೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೈಕಾಲು ತೊಳೆಯಬಾರದು, ಮೀನಿನ ಅಥವಾ ಕೋಳಿಯ ಕಸವನ್ನು ನೀರಿಗೆ ಎಸೆಯಬಾರದು.

ನನ್ನದೇ ಕಯಾಕ್ ಇದೆ. ಸೂಪಾ ಹಿನ್ನೀರಿನಲ್ಲಿ ಓಡಿಸಬಹುದೇ?

ಕೇಳದೆ ಓಡಿಸುವಂತಿಲ್ಲ. ಜಲಾಶಯಗಳು ಕರ್ನಾಟಕ ವಿದ್ಯುತ್ ನಿಗಮದ ಸ್ವತ್ತು, ಸುತ್ತಲಿನ ದಂಡೆಯ ಬಹುಭಾಗ ಅರಣ್ಯ. ಎರಡೂ ಕಡೆಯಿಂದ ಲಿಖಿತ ಅನುಮತಿ ಇರಬೇಕು. ಕದ್ರಾ ಹಿನ್ನೀರಿನ ಆಸೆಯನ್ನಂತೂ ಬಿಟ್ಟುಬಿಡಿ. ಅದರ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ, ಭದ್ರತಾ ಸಿಬ್ಬಂದಿಗೆ ನಿಮ್ಮ ಹವ್ಯಾಸವನ್ನು ವಿವರಿಸುವುದು ಸುಲಭವಲ್ಲ.

ಸೂಪಾ ಹಿನ್ನೀರು ನೋಡಲು ಶಾಂತ, ಆದರೆ ಅದರಡಿ ಒಂದು ಊರೇ ಮಲಗಿದೆ. 1987ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ನೀರಿನಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣ ಮುಳುಗಿತು, ಜನ ಇದೇ ತಾಲ್ಲೂಕಿನ ರಾಮನಗರ ಮೊದಲಾದ ಕಡೆ ಹೋಗಿ ನೆಲೆಸಿದರು, ತಾಲ್ಲೂಕಿಗೆ ಜೋಯಿಡಾ ಎಂಬ ಹೆಸರು ಬಂತು. ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಮೇಲ್ಮೈಗೆ ಗೇಣುದ್ದ ಕೆಳಗೆ ಕಾಣದಂತೆ ನಿಂತಿರುತ್ತವೆ. ಗಾಳಿ ತುಂಬಿದ ದೋಣಿಗೆ ಅವು ಚೂರಿಗಳಿದ್ದಂತೆ. ಮಧ್ಯಾಹ್ನದ ನಂತರ ಏಳುವ ಗಾಳಿ ಅಗಲವಾದ ನೀರಿನಲ್ಲಿ ಅಲೆ ಎಬ್ಬಿಸುತ್ತದೆ, ಬೆಳಿಗ್ಗೆ ಹಗುರವಾಗಿ ದಾಟಿದ ದೂರ ವಾಪಸು ಬರುವಾಗ ತೋಳು ಸೋಲಿಸುತ್ತದೆ.

ಕಾರವಾರದ ಅಳಿವೆಯಲ್ಲಿ ದೋಣಿ ವಿಹಾರ ಹೇಗೆ?

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸುವುದು, ನನ್ನ ಮಟ್ಟಿಗೆ, ಇಡೀ ಕಣಿವೆಯ ಅತ್ಯಂತ ಸಮಾಧಾನದ ವಿಹಾರ. ಕಾಂಡ್ಲಾ ನಡುವೆ ಮರದ ಹಲಗೆಯ ಕಾಲುದಾರಿಯೂ ಇರುವುದರಿಂದ ನೀರಿಗೆ ಇಳಿಯದವರೂ ಉಸಿರಾಡುವ ಬೇರುಗಳನ್ನೂ, ಅವುಗಳ ಬುಡದಲ್ಲಿ ಓಡಾಡುವ ಏಡಿಗಳನ್ನೂ ಹತ್ತಿರದಿಂದ ನೋಡಬಹುದು. ಇಲ್ಲಿ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಉಬ್ಬರ ಮತ್ತು ಇಳಿತದ ನಡುವೆ ಆರು ಗಂಟೆಗಿಂತ ತುಸು ಹೆಚ್ಚಿನ ಅಂತರವಿರುತ್ತದೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಎರಡೂ ಜೋರಾಗಿರುತ್ತವೆ. ಉಬ್ಬರದ ಕೊನೆಯ ಹಂತದಲ್ಲಿ ಒಳಗೆ ಹೋಗಿ, ಇಳಿತ ಶುರುವಾದ ಮೇಲೆ ಹೊರಗೆ ಬರುವುದು ಅಂಬಿಗರ ಲೆಕ್ಕ. ಆದರೆ ಇಳಿತದ ಸೆಳೆತ ನಿಮ್ಮನ್ನು ಅಳಿವೆಯ ಬಾಯಿಯಾಚೆ ಸಮುದ್ರಕ್ಕೆ ಒಯ್ಯದಂತೆ ನೋಡಿಕೊಳ್ಳಬೇಕು. ಹೆದ್ದಾರಿಯ ಸೇತುವೆಯ ಕಂಬಗಳಿಂದಲೂ ದೂರವಿರಬೇಕು. ಕಂಬಕ್ಕೆ ಅಡ್ಡಲಾಗಿ ಒತ್ತಿಕೊಂಡ ಕಯಾಕ್ ಅನ್ನು ನೀರು ಬಿಡುವುದಿಲ್ಲ. ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದನ್ನು ಓದುಗರು ಮರೆತಿರಲಾರರು.

ದ್ವೀಪಗಳಿಗೆ ಹೋಗುವ ಯಾಂತ್ರಿಕ ದೋಣಿಗಳನ್ನು ಹತ್ತುವಾಗಲೂ ಲೈಫ್ ಜಾಕೆಟ್ ಕೇಳಿ ಪಡೆಯಿರಿ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು, ಮಕ್ಕಳೂ ಸೇರಿದಂತೆ, ತೀರಿಕೊಂಡರು. ಅಳತೆ ಮೀರಿ ಜನ ತುಂಬಿದ ದೋಣಿ ಅದು.

ಕಾಡಿನಲ್ಲಿ ನಡೆದು ಹೋಗಲು ಅನುಮತಿ ಬೇಕೇ?

ಬೇಕು. 1956ರಲ್ಲಿ ಘೋಷಣೆಯಾದ ದಾಂಡೇಲಿ ವನ್ಯಜೀವಿಧಾಮ ಮತ್ತು 1987ರಲ್ಲಿ ಘೋಷಣೆಯಾದ ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಿಟ್ಟರು. ಇದರ ಕೇಂದ್ರ ಭಾಗದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಡ್ರೋನ್ ಹಾರಿಸುವುದಕ್ಕೂ ಇದೇ ಮಾತು.

ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾದದ್ದು 2024ರಲ್ಲಿ. ಆ ವರ್ಷದ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಟ್ಟಿಗೆ ನುಗ್ಗಿದ ದೃಶ್ಯಗಳನ್ನು ಕಂಡ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಅನಂತರ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಎಂಬ ಒಂದೇ ಜಾಲತಾಣದಲ್ಲಿ ಚಾರಣಗಳ ಟಿಕೆಟ್ ಕೊಡುವ ವ್ಯವಸ್ಥೆ ಮಾಡಿತು. ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ಹಾಕಿ, ಸರ್ಕಾರಿ ಗುರುತಿನ ಚೀಟಿಯನ್ನು ಕಡ್ಡಾಯ ಮಾಡಿದರು. ಮಳೆಗಾಲ, ಕಾಡ್ಗಿಚ್ಚಿನ ಕಾಲ, ಪ್ರಾಣಿಗಳ ಗಣತಿ ನಡೆಯುವ ದಿನಗಳಲ್ಲಿ ಹಾದಿಗಳನ್ನು ಮುಚ್ಚುವುದುಂಟು. ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದೇ ಸರಿ.

ನಡೆಯುವುದಕ್ಕೆ ಯಾವ ಜಾಗಗಳು ಚೆನ್ನ?

ದೂರದ ಚಾರಣವನ್ನು ಬಯಸುವವರಿಗೆ ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಂತೆ ಇಲ್ಲಿ ಶಿಖರವಿಲ್ಲ. ಇಲ್ಲಿನ ನಡಿಗೆಯೆಲ್ಲ ಇಳಿಯುವುದು, ಕಣಿವೆಯೊಳಗೆ, ಗವಿಯೊಳಗೆ, ಹಳ್ಳದ ಬುಡಕ್ಕೆ. ಕುಳಗಿಯ ಅರಣ್ಯ ಇಲಾಖೆಯ ನಿಸರ್ಗ ಶಿಬಿರದಲ್ಲಿ ಉಳಿದುಕೊಂಡರೆ ಸುತ್ತಲಿನ ಕಾಡನ್ನು ಸಿಬ್ಬಂದಿಯೊಂದಿಗೆ ಕಾಲ್ನಡಿಗೆಯಲ್ಲಿ ನೋಡಬಹುದು. ಫಣಸೋಲಿಯಲ್ಲಿ ಜೀಪ್ ಸಫಾರಿಯಿದೆ. ಕವಳಾ ಗುಹೆಗೆ ನೂರಾರು ಮೆಟ್ಟಿಲು ಇಳಿದು, ಕೊನೆಗೆ ಬಗ್ಗಿ ತೆವಳಿಕೊಂಡು ಹೋದರೆ ಸುಣ್ಣದ ಕಲ್ಲು ತೊಟ್ಟಿಕ್ಕಿ ಬೆಳೆದ ಶಿವಲಿಂಗ ಕಾಣುತ್ತದೆ. ಮಂಡಿನೋವಿನವರು ವಾಪಸಿನ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ. ಉಳವಿಯಲ್ಲಿ ಶರಣ ಚನ್ನಬಸವಣ್ಣನವರ ಸಮಾಧಿಯ ದರ್ಶನಕ್ಕೆ ಬಂದವರು ಆಕಳಗವಿ, ಮಹಾಮನೆ ಗವಿಗಳವರೆಗೆ ನಡೆಯುವ ರೂಢಿ ಹಳೆಯದು. ಚಾರಣವೆಂಬ ಪದ ಚಾಲ್ತಿಗೆ ಬರುವ ಎಷ್ಟೋ ಮೊದಲೇ ಜಾತ್ರೆಯ ಜನ ಚಕ್ಕಡಿ ಕಟ್ಟಿಕೊಂಡು ಧಾರವಾಡ, ಬೆಳಗಾವಿ ಕಡೆಯಿಂದ ಈ ಕಾಡಿನ ದಾರಿಯನ್ನು ಸವೆಸಿದ್ದಾರೆ.

ಸಿಂಥೇರಿ ರಾಕ್ಸ್ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ದಾಂಡೇಲಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕಾನೇರಿ ಹೊಳೆಯ ಅಂಚಿಗೆ ಸುಮಾರು 300 ಅಡಿ ಎತ್ತರಕ್ಕೆ ಎದ್ದ ಏಕಶಿಲೆ ಅದು. ಅದರ ಮೈಮೇಲೆ ಹೆಜ್ಜೇನಿನ ಹಲ್ಲೆಗಳು ತೂಗುತ್ತಿರುತ್ತವೆ. ಕೂಗು, ಸೀಟಿ, ಸಿಗರೇಟಿನ ಹೊಗೆ, ಗಾಢವಾದ ಸೆಂಟು ಇವು ಹೆಜ್ಜೇನನ್ನು ಕೆಣಕುತ್ತವೆ. ಎದ್ದ ಹೆಜ್ಜೇನಿನಿಂದ ತಪ್ಪಿಸಿಕೊಳ್ಳಲು ಅಲ್ಲಿರುವ ದಾರಿ ಮೆಟ್ಟಿಲೇರಿ ಓಡುವುದೊಂದೇ. ಹೊಳೆಯ ನೀರು ಹಸಿರಾಗಿ, ಆಳವಿಲ್ಲದಂತೆ ಕಾಣುತ್ತದೆ. ಒಳಗೆ ಸುಳಿಗಳಿವೆ, ಅಲ್ಲಿ ಇಳಿದು ಜೀವ ಕಳೆದುಕೊಂಡವರಿದ್ದಾರೆ.

ಕ್ಯಾಸಲ್ ರಾಕ್‌ನಿಂದ ರೈಲು ಹಳಿಯ ಮೇಲೆ ನಡೆದು ದೂಧಸಾಗರ ಜಲಪಾತಕ್ಕೆ ಹೋಗಬಹುದೇ?

ಇಲ್ಲ. ಒಂದು ಕಾಲದಲ್ಲಿ ಹೋಗುತ್ತಿದ್ದರು, ಹಳೆಯ ಬ್ಲಾಗುಗಳನ್ನು ಓದಿಕೊಂಡು ಈಗಲೂ ಹೊರಡುವವರಿದ್ದಾರೆ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೆಯ ಕಲಮಿನಡಿ ದಂಡ ಅಥವಾ ಸೆರೆವಾಸಕ್ಕೆ ದಾರಿ. ಘಟ್ಟದ ಆ ಮಾರ್ಗದಲ್ಲಿ ಸುರಂಗಗಳಿವೆ. ಒಳಗಿರುವಾಗ ಗಾಡಿ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾಗುತ್ತದೆ. 2023ರ ಜುಲೈನಲ್ಲಿ ಹೀಗೆ ಹೋದ ಚಾರಣಿಗರಿಗೆ ರೈಲ್ವೆ ಪೊಲೀಸರು ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದ ದೃಶ್ಯವನ್ನು ನಾಡೆಲ್ಲ ನೋಡಿತು. ಮಳೆಗಾಲದಲ್ಲಿ ಜಲಪಾತ ನೋಡಬೇಕೆಂದರೆ ರೈಲಿನ ಕಿಟಕಿಯೇ ಒಳ್ಳೆಯ ಆಸನ.

ಪ್ರಾಣಿ ಪಕ್ಷಿಗಳು ಕಾಣಿಸುತ್ತವೆಯೇ?

ಹುಲಿ ಕಾಣುವ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ. ಈ ಕಾಡು ದಟ್ಟ, ಪ್ರಾಣಿ ಹತ್ತು ಹೆಜ್ಜೆಯಾಚೆ ನಿಂತಿದ್ದರೂ ಕಾಣುವುದಿಲ್ಲ. ಕಪ್ಪು ಚಿರತೆಯ ಹೆಸರು ದೊಡ್ಡದು, ದರ್ಶನ ಅಪರೂಪ. ಆದರೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ನಿಮ್ಮನ್ನು ನಿರಾಸೆಗೊಳಿಸುವುದಿಲ್ಲ. ದಾಸ ಮಂಗಟ್ಟೆ ಸೇರಿದಂತೆ ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿವೆ. ಅವುಗಳಿಗಾಗಿಯೇ 2011ರಲ್ಲಿ ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ದಾಂಡೇಲಿಯ ಸರ್ಕಾರಿ ಮರದ ಡಿಪೋದ ಸುತ್ತಲಿನ ಮರಗಳಿಗೆ ಬೆಳಿಗ್ಗೆ ಅವು ಹಿಂಡುಹಿಂಡಾಗಿ ಬರುತ್ತವೆ. ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಸದ್ದು, ದೂರದಲ್ಲಿ ಯಾರೋ ಗರಗಸ ಎಳೆದಂತೆ, ಕಿವಿಗೆ ಬೀಳುತ್ತದೆ. ಜನವರಿಯ ನಂತರ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಬಾಗಿಲು ಮೆತ್ತಿಕೊಳ್ಳುತ್ತದೆ. ಮರಿ ಬೆಳೆಯುವವರೆಗೆ ಗಂಡು ಹಕ್ಕಿ ಹಣ್ಣು ತಂದು ಉಣಿಸುತ್ತದೆ. ಗೂಡಿನ ಮರದಡಿ ಗುಂಪು ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನವರು ಉಪವಾಸ.

ಗಣೇಶಗುಡಿಯಲ್ಲಿ ಜಂಗಲ್ ಲಾಡ್ಜಸ್ ನಡೆಸುವ ಓಲ್ಡ್ ಮ್ಯಾಗಜೀನ್ ಹೌಸ್ ಹಕ್ಕಿಗಳ ಛಾಯಾಗ್ರಾಹಕರಿಗೆ ಹೆಸರಾದ ತಾಣ. ಅಣೆಕಟ್ಟೆ ಕಟ್ಟುವ ಕಾಲದಲ್ಲಿ ಬಂಡೆ ಒಡೆಯುವ ಸಿಡಿಮದ್ದನ್ನು ದಾಸ್ತಾನು ಮಾಡುತ್ತಿದ್ದ ಜಾಗವದು. ಈಗ ಅಲ್ಲಿ ಅಂಗೈಯಗಲದ ನೀರಿನ ತೊಟ್ಟಿಗಳ ಮುಂದೆ ಕ್ಯಾಮೆರಾ ಹಿಡಿದವರು ಉಸಿರು ಬಿಗಿಹಿಡಿದು ಕೂರುತ್ತಾರೆ.

ಇಂಬಳ, ಉಣುಗು, ಹಾವುಗಳಿಂದ ಏನು ಎಚ್ಚರ ವಹಿಸಬೇಕು?

ಇಂಬಳ ಅಸಹ್ಯ, ಆದರೆ ಅಪಾಯವಲ್ಲ. ಕಾಲುಚೀಲದೊಳಗೆ ಪ್ಯಾಂಟನ್ನು ತೂರಿಸಿ, ಬೂಟಿನ ಮೇಲೆ ಉಪ್ಪಿನ ನೀರು ಅಥವಾ ಹೊಗೆಸೊಪ್ಪಿನ ನೀರು ಚಿಮುಕಿಸಿದರೆ ಸಾಕು. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ.

ಉಣುಗಿನ ವಿಚಾರ ಹಾಗಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, ಉತ್ತರ ಕನ್ನಡದ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಚಳಿಗಾಲದಿಂದ ಮಳೆ ಶುರುವಾಗುವವರೆಗೆ, ಅಂದರೆ ಪ್ರವಾಸದ ಕಾಲದಲ್ಲಿಯೇ, ಇದರ ಹಾವಳಿ ಹೆಚ್ಚು. ತರಗೆಲೆಯ ಮೇಲೆ ಕೂರಬೇಡಿ. ತುಂಬುತೋಳಿನ ಅಂಗಿ ಧರಿಸಿ, ಬರಿಗಾಲಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ಊರಿಗೆ ಮರಳಿದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈನೋವು ಬಂದರೆ, ಈ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಹತ್ತಿರದ ಆಸ್ಪತ್ರೆಗಳು ದಾಂಡೇಲಿ, ಜೋಯಿಡಾದಲ್ಲಿವೆ. ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ ಧಾರವಾಡಕ್ಕೇ ಹೋಗಬೇಕು. ತುರ್ತಿಗೆ 112, ಅರಣ್ಯ ಇಲಾಖೆಗೆ 1926.

ಮೊಬೈಲ್ ಸಿಗ್ನಲ್ ಸಿಗುತ್ತದೆಯೇ?

ದಾಂಡೇಲಿಯಲ್ಲಿ ಸಿಗುತ್ತದೆ. ಅಲ್ಲಿಂದಾಚೆ ಸಿಕ್ಕಿದ ಕಡೆ ಸಿಕ್ಕಿತು ಎಂದುಕೊಳ್ಳಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ನಗದು ಹಣ ಜೇಬಿನಲ್ಲಿಟ್ಟುಕೊಂಡು, ಎಲ್ಲಿಗೆ ಹೋಗುತ್ತಿದ್ದೀರೆಂದು ತಂಗಿದ ಮನೆಯವರಿಗೆ ಹೇಳಿ ಹೊರಡಿ.

ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಬರಬಹುದೇ?

ಖಂಡಿತ, ದೊಡ್ಡ ರ‍್ಯಾಫ್ಟಿಂಗ್ ಒಂದನ್ನು ಬಿಟ್ಟು. ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರೂ ಗರ್ಭಿಣಿಯರೂ ಅದಕ್ಕೆ ಹೋಗಬಾರದು. ಮಕ್ಕಳಿಗೆ ಸಂಚಾಲಕರು ವಯಸ್ಸಿನ ಮಿತಿ ಹಾಕಿರುತ್ತಾರೆ, ಅದನ್ನು ಮುರಿಯಲು ಒತ್ತಾಯಿಸಬೇಡಿ. ಅಜ್ಜ ಅಜ್ಜಿಯರಿಗೆ ಹರಿಗೋಲು ಹಿತವಾಗಿರುತ್ತದೆ. ಅಂಬಿಗನಿಗೆ ಗರಗರ ತಿರುಗಿಸಬೇಡ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅದನ್ನೇ ಆತಿಥ್ಯವೆಂದು ಭಾವಿಸುತ್ತಾನೆ.

ಊಟ ಮತ್ತು ವಸತಿ ಹೇಗೆ?

ರೆಸಾರ್ಟುಗಳು ಬೇಕಾದಷ್ಟಿವೆ. ನಾನು ಜೋಯಿಡಾ ಕಡೆಯ ಹೋಂಸ್ಟೇಗಳನ್ನು ಸೂಚಿಸುತ್ತೇನೆ. ಇಲ್ಲಿನ ಕುಣಬಿ ಸಮುದಾಯದವರು ಬಗೆಬಗೆಯ ಗಡ್ಡೆ ಗೆಣಸುಗಳನ್ನು ಬೆಳೆಯುವುದರಲ್ಲಿ ನಿಪುಣರು. ಜೋಯಿಡಾದಲ್ಲಿ ಅದಕ್ಕಾಗಿಯೇ ಗಡ್ಡೆ ಗೆಣಸು ಮೇಳ ನಡೆಯುತ್ತದೆ. ಮುಡ್ಲಿ ಗಡ್ಡೆಯ ಪಲ್ಯ ಸಿಕ್ಕರೆ ಬಿಡಬೇಡಿ. ಮನೆಮಾತು ಹೆಚ್ಚಾಗಿ ಕೊಂಕಣಿ, ಕನ್ನಡಕ್ಕೆ ತೊಡಕಿಲ್ಲ. ರಾತ್ರಿ ಡಿಜೆ ಹಾಕಿಸುವ ವಸತಿಗಳೂ ಇವೆ, ಕಾಡಿನಂಚಿನಲ್ಲಿ ಅದನ್ನು ಕೇಳಲು ಇಷ್ಟು ದೂರ ಏಕೆ ಬರಬೇಕೋ ತಿಳಿಯದು.

ರ‍್ಯಾಫ್ಟಿಂಗ್‌ಗೆ ಯಾವ ಬಟ್ಟೆ? ಕಾರನ್ನು ಎಲ್ಲಿ ಬಿಡುವುದು?

ಬೇಗ ಒಣಗುವ ಟೀಶರ್ಟ್, ಚಡ್ಡಿ ಅಥವಾ ಟ್ರ್ಯಾಕ್ ಪ್ಯಾಂಟ್, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್. ಜೀನ್ಸ್, ಸೀರೆ, ದುಪಟ್ಟಾ, ಹವಾಯಿ ಚಪ್ಪಲಿ ಬೇಡ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ, ಉಂಗುರ ಮತ್ತು ಕಿವಿಯೋಲೆಗಳನ್ನು ರೂಮಿನಲ್ಲೇ ಬಿಡಿ. ಜಲಾಶಯದ ಆಳದಿಂದ ಬರುವ ನೀರಾದ್ದರಿಂದ ಏಪ್ರಿಲ್ ಬಿಸಿಲಿನಲ್ಲೂ ಅದು ತಣ್ಣಗಿರುತ್ತದೆ. ಪಯಣ ಶುರುವಾಗುವ ಜಾಗ ಬೇರೆ, ಮುಗಿಯುವ ಜಾಗ ಬೇರೆ. ನಿ‌ಮ್ಮ ಕಾರು ಗಣೇಶಗುಡಿಯಲ್ಲಿದ್ದರೆ ಒಣಬಟ್ಟೆ, ಟವೆಲ್ಲು ಎಲ್ಲವೂ ಅದರಲ್ಲಿಯೇ ಉಳಿದು, ನೀವು ಮೌಳಂಗಿಯಿಂದ ತೆರೆದ ಜೀಪಿನಲ್ಲಿ ಗಾಳಿಗೆ ಹಲ್ಲು ಕಟಕಟಿಸುತ್ತಾ ವಾಪಸು ಬರಬೇಕಾಗುತ್ತದೆ. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಿಮ್ಮನ್ನು ಕರೆದೊಯ್ಯಲು ಮೌಳಂಗಿಗೆ ಬರುವ ಜೀಪಿನ ಚಾಲಕರ ಕೈಗೆ ಮೊದಲೇ ಕೊಟ್ಟಿರಿ.